ನೆಗೆಣ್ಣಿಯ ಏಳು ಬಯಕೆ

ದೀಪಾಲಿಯ ಬಗ್ಗೆ ಒಳ್ಳೆಯ ಮಾತು ಕೇಳಬೇಕಾದರೆ ಕುಲಗೋಡದಲ್ಲಿ ಯಾರ ಮನೆಯ ಬಾಗಿಲು ಬಡಿದರೂ ಸಿಗುತ್ತದೆ. ಅವಳ ಅಂಗನವಾಡಿಗೆ ಬರುವ ಮಕ್ಕಳ ತಾಯಂದಿರನ್ನು ಕೇಳಿ, ಬಸದಿಯ ಉಪಾಧ್ಯೆಯವರನ್ನು ಕೇಳಿ, ಗೋಕಾಕ ಬಸ್ಸಿನ ಕಂಡಕ್ಟರನನ್ನು ಕೇಳಿ. ನನ್ನನ್ನು ಮಾತ್ರ ಕೇಳಬೇಡಿ. ನಾನು ಅವಳ ನೆಗೆಣ್ಣಿ. ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು ನಾವಿಬ್ಬರು. ನಾನು ಅಣ್ಣನ ಹೆಂಡತಿ ರಾಜಮತಿ, ಅವಳು ತಮ್ಮನ ಹೆಂಡತಿ. ಹತ್ತು ವರ್ಷ ಒಂದೇ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದಿದ್ದೇವೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ.

ನಾನು ಹುಕ್ಕೇರಿ ಕಡೆಯ ದಡ್ಡಿ ಎಂಬ ಊರಿನವಳು. ಏಳನೆಯ ಇಯತ್ತೆಯಲ್ಲಿ ಸಾಲಿಗೇ ಮೊದಲನೆಯವಳಾಗಿ ಪಾಸಾದೆ, ಅಲ್ಲಿಗೆ ನನ್ನ ಓದು ಮುಗಿಯಿತು. ಸಾವಿರದ ಒಂಬೈನೂರ ತೊಂಬತ್ತರಲ್ಲಿ ಮದುವೆಯಾಗಿ ಈ ಮನೆಗೆ ಬಂದೆ. ದೀಪಾಲಿ ಬಂದದ್ದು ಏಳು ವರ್ಷಗಳ ಮೇಲೆ, ಹೆದ್ದಾರಿ ಬದಿಯ ಕಣಗಲಾದಿಂದ. ಹತ್ತನೆಯ ಇಯತ್ತೆಯಲ್ಲಿ ಗಣಿತ ಒಂದರಲ್ಲಿ ನಪಾಸಾಗಿದ್ದಳು. ಅದನ್ನು ಮುಚ್ಚಿಡುವುದನ್ನು ಬಿಟ್ಟು, ಹೆಣ್ಣು ನೋಡಲು ಹೋದ ದಿನವೇ ತಾನಾಗಿ ಹೇಳಿ ನಕ್ಕಿದ್ದಳಂತೆ. ಕಪ್ಪು ಬಣ್ಣ, ಸಣಕಲು ಮೈ. ಮೂಗೊಂದು ಮಾತ್ರ ಚೆಂದ. ಬರುವಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಸಾಲಿಯ ಪುಸ್ತಕಗಳನ್ನು ಇಟ್ಟುಕೊಂಡು ಬಂದಿದ್ದಳು. ನಾನು ಅವತ್ತೇ ಮೂಗು ಮುರಿದಿದ್ದೆ.

ನಮ್ಮ ಅತ್ತೆ ಸುಂದರಾಬಾಯಿ ಗಟ್ಟಿ ಹೆಂಗಸು. ಸೂರ್ಯ ಮುಳುಗಿದ ಮೇಲೆ ತುತ್ತು ಬಾಯಿಗಿಡುವವರಲ್ಲ. ಉಳ್ಳಾಗಡ್ಡಿ, ಬಟಾಟೆ ಮನೆಯ ಹೊಸ್ತಿಲು ದಾಟಿದ್ದನ್ನು ನಾನು ಕಂಡಿಲ್ಲ. ಸೊಸೆಯರು ಬಸದಿಗೆ ಹೋಗಲೂ ಅವರ ಮುಖ ನೋಡಬೇಕಿತ್ತು. ಮಾವ ಪಾಯಪ್ಪನವರೂ ಕಬ್ಬಿನ ಗದ್ದೆಯಲ್ಲಿ ಎಷ್ಟು ಜೋರೋ ಮನೆಯೊಳಗೆ ಅಷ್ಟೇ ಮೆತ್ತಗೆ. ಆದರೆ ಆ ಅತ್ತೆಗೂ ಒಂದು ಹೆದರಿಕೆ ಇತ್ತು. ಬಸುರಿಯ ಬಯಕೆಯ ಹೆದರಿಕೆ.

ನಮ್ಮವರಿಗೆ, ಅಂದರೆ ಅವರ ದೊಡ್ಡ ಮಗ ಅರಿಹಂತರಿಗೆ, ಎಡಗಿವಿ ಕೇಳಿಸುವುದಿಲ್ಲ. ಅವರನ್ನು ಹೊತ್ತಿದ್ದಾಗ ಅತ್ತೆಗೆ ಹಸಿ ಕಡಲೆ ತಿನ್ನಬೇಕೆನಿಸಿತ್ತಂತೆ. ಬಾಜೂ ಹೊಲದಲ್ಲೇ ಬೆಳೆದಿತ್ತು. ಅವರ ಅತ್ತೆ ತರಲು ಬಿಡಲಿಲ್ಲ. ಕೂಸು ಹುಟ್ಟಿದ ಮೂರನೆಯ ತಿಂಗಳಿಗೆ ಎಡಗಿವಿ ಸೋರತೊಡಗಿ, ಆರು ವರ್ಷ ಸೋರಿ, ಆಮೇಲೆ ಮುಚ್ಚಿಹೋಯಿತು. ಬಸುರಿ ಬೇಡುವುದು ತನಗಾಗಿ ಅಲ್ಲ, ಬೇಡುವುದು ಹೊಟ್ಟೆಯೊಳಗಿನ ಕೂಸು, ಅದಕ್ಕೆ ಇಲ್ಲ ಅಂದರೆ ಕೂಸಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅತ್ತೆಯದು ಬರೀ ಹೇಳಿಕೆಯಾಗಿ ಉಳಿದಿರಲಿಲ್ಲ. ದಿನಾ ಮಗನ ಬಲಗಿವಿಯ ಕಡೆ ನಿಂತೇ ಮಾತಾಡಬೇಕಿತ್ತಲ್ಲ.

ಹಾಗಾಗಿ ನನ್ನ ಎರಡೂ ಬಸಿರಿನಲ್ಲಿ ಅತ್ತೆ ಕೇಳಿದ್ದರು, ಏನು ಬೇಕು ಹೇಳು ಎಂದು. ನಾನು ಏನೂ ಬೇಡ ಎಂದಿದ್ದೆ. ಮದುವೆಯ ಹಿಂದಿನ ದಿನ ನನ್ನ ಅವ್ವ ಕಲಿಸಿಕೊಟ್ಟದ್ದು ಅದೊಂದೇ: ಅತ್ತೆಯ ಮನೆಯಲ್ಲಿ ಏನು ಕೇಳಿದರೂ ಬೇಡ ಅನ್ನು, ಒಳ್ಳೆಯವಳು ಅನ್ನಿಸಿಕೊಳ್ಳುತ್ತೀ. ಅನ್ನಿಸಿಕೊಂಡೆ. ಮಗಳು ಹುಟ್ಟಿದಳು, ಆಮೇಲೆ ಮಗ. ಇಬ್ಬರ ಕಿವಿಗಳೂ ಚೆನ್ನಾಗಿವೆ.

ದೀಪಾಲಿಗೆ ತೊಂಬತ್ತೆಂಟರ ದೀಪಾವಳಿಯ ಹೊತ್ತಿಗೆ ದಿನ ತಪ್ಪಿತು. ಮೂರನೆಯ ತಿಂಗಳಲ್ಲಿ ಅತ್ತೆ ಎಲ್ಲರೆದುರು ಕೇಳಿದರು. ಮಾವಿನಕಾಯಿಯೋ ಹುರಿದ ಮಣ್ಣೋ ಕೇಳುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ತಲೆ ತಗ್ಗಿಸಿಕೊಂಡು, ಒಂದು ದಿನ ಬೆಳಿಗ್ಗೆ ಎಂಟು ಗಂಟೆಯ ತನಕ ಮಲಗಬೇಕು ಅನ್ನಿಸುತ್ತಿದೆ ಎಂದಳು. ನಮ್ಮ ಮನೆಯಲ್ಲಿ ಹೆಂಗಸರು ನಾಲ್ಕೂವರೆಗೆ ಏಳುತ್ತೇವೆ. ಅತ್ತೆ ಅವಳ ಹೊಟ್ಟೆಯ ಕಡೆ ನೋಡಿ, ಕೂಸಿಗೆ ನಿದ್ದೆ ಬೇಕಾಗಿರಬೇಕು, ಮಲಗಲಿ ಎಂದುಬಿಟ್ಟರು.

ಅವತ್ತು ನಾಲ್ಕು ಎಮ್ಮೆಗಳ ಹಾಲು ನಾನೇ ಹಿಂಡಿದೆ. ಅಂಗಳ ಸಾರಿಸಿದೆ, ಕಬ್ಬು ಕಡಿಯುವವರ ಬುತ್ತಿಗೆ ಅರವತ್ತು ರೊಟ್ಟಿ ಬಡಿದೆ. ಮಕ್ಕಳು ಗದ್ದಲ ಮಾಡಿದರೆ ಅತ್ತೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ಎಂಟಕ್ಕೆ ಎದ್ದು ಬಂದಳು ಮಹಾರಾಣಿ. ಗಲ್ಲದ ಮೇಲೆ ಕೌದಿಯ ಹೊಲಿಗೆಯ ಗುರುತು ಮೂಡಿತ್ತು. ಕಟ್ಟೆಯ ಮೇಲೆ ಬಿಸಿಲಿಗೆ ಕುಳಿತು ಆಕಳಿಸಿದಳು. ನನ್ನ ಮೈಯೆಲ್ಲ ಉರಿದುಹೋಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಅದನ್ನು ಅವಳ ತಾಟಿಗೇ ಹಾಕಿದೆ. ಅವಳು ತಿಂದಳು.

ಎರಡನೆಯ ಬಯಕೆ ಡಿಸೆಂಬರಿನಲ್ಲಿ ಬಂತು. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ನಡುವೆ ನಿಂತು ಕೆಳಗೆ ನೋಡಬೇಕಂತೆ. ಬಸುರಿ ಹೆಂಗಸು, ಅಲುಗಾಡುವ ಸೇತುವೆ. ಅತ್ತೆಯ ಮುಖದಲ್ಲಿ ಬೆವರು ಒಡೆಯಿತು. ಆದರೂ ನಮ್ಮವರು, ಯಾರೋ ಎಡಗಡೆಯಿಂದ ಕೂಗಿದ್ದು ಕೇಳಿಸದೆ, ಹಾಗೇ ಅಂಗಳ ದಾಟಿ ಹೋದದ್ದನ್ನು ನೋಡಿ, ಹೋಗಿ ಬಾ ಎಂದರು. ಜೊತೆಗೆ ಅವಳ ಗಂಡ ಜಿನೇಂದ್ರ ಮತ್ತು ಅವಳ ಕೈ ಹಿಡಿಯಲು ನಾನು. ಜಿನೇಂದ್ರ ನನ್ನ ಮೈದುನ; ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿಗಳ ತೂಕ ಬರೆಯುವವನು, ಹೆಂಡತಿ ಹೇಳಿದ್ದಕ್ಕೆಲ್ಲ ಗೋಣು ಹಾಕುವವನು. ಸೇತುವೆಯ ನಡುವೆ ಅವಳು ನಿಂತಳು. ಗಾಳಿಗೆ ಸೆರಗು ಹಾರುತ್ತಿತ್ತು. ಬಗ್ಗಿ ಬಹಳ ಹೊತ್ತು ನೀರು ನೋಡಿದಳು. ನಾನು ಅವಳ ಮುಖ ನೋಡುತ್ತಿದ್ದೆ. ಅಷ್ಟು ದೂರ ಹೋಗಿ ನಾನು ಫಾಲ್ಸ್ ನೋಡಲೇ ಇಲ್ಲ ಎಂಬುದು ಊರಿಗೆ ಬಂದು ಮಕ್ಕಳು ಹೇಗಿತ್ತು ಎಂದು ಕೇಳಿದಾಗ ಗೊತ್ತಾಯಿತು.

ಆಮೇಲೆ ಬಾಗಿಲು ತೆರೆದಂತಾಯಿತು. ಸಂಕ್ರಾಂತಿ ಕಳೆದ ಮೇಲೆ ಗೋಕಾಕದ ಹೋಟೆಲಿನಲ್ಲಿ ಕುರ್ಚಿಯ ಮೇಲೆ ಕುಳಿತು ಮಸಾಲೆ ದೋಸೆ ತಿನ್ನಬೇಕು ಎಂದಳು. ಮಸಾಲೆ ಎಂದರೆ ಬಟಾಟೆ, ಉಳ್ಳಾಗಡ್ಡಿ. ಅತ್ತೆಗೆ ಈ ಕಡೆ ಧರ್ಮ, ಆ ಕಡೆ ಕೂಸಿನ ಕಿವಿ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಮಾವನವರು ನಡುವೆ ಬಂದು, ಕೂಸು ದೋಸೆ ಕೇಳಿದೆ, ಒಳಗಿನ ಮಸಾಲೆ ಇವಳು ಸೇರಿಸಿದ್ದಿರಬೇಕು ಎಂದು ತೀರ್ಪು ಕೊಟ್ಟರು. ಸಾದಾ ದೋಸೆಗೆ ಒಪ್ಪಿಗೆಯಾಯಿತು, ಅದೂ ಹೊತ್ತು ಮುಳುಗುವುದರೊಳಗೆ. ಅದೇ ದಿನ ಅಲ್ಲೇ ಸ್ಟುಡಿಯೋಕ್ಕೆ ಹೋಗಿ ಒಬ್ಬಳೇ ಕುಳಿತು ಫೋಟೋ ತೆಗೆಸಿಕೊಂಡಳು. ಅದೂ ಬಯಕೆಯೇ. ಗಂಡನನ್ನು ಬಾಜೂ ನಿಲ್ಲಿಸಲೇ ಎಂದು ಫೋಟೋದವನು ಕೇಳಿದರೆ, ಬೇಡ, ಅವರು ಹೊರಗೇ ಇರಲಿ ಎಂದಳಂತೆ. ಆ ಫೋಟೋ ಅವರ ಕೋಣೆಯಲ್ಲಿ ಈಗಲೂ ಇದೆ. ಮೊಣಕಾಲ ಮೇಲೆ ಕೈ ಇಟ್ಟು, ಗದ್ದ ಎತ್ತಿ ಕುಳಿತಿದ್ದಾಳೆ. ನನ್ನದು ಒಂದೇ ಫೋಟೋ ಇರುವುದು, ಮದುವೆಯದು. ಅದರಲ್ಲಿ ನನ್ನ ಬಾಸಿಂಗ ಕಾಣುತ್ತದೆ, ಮುಖ ಕಾಣುವುದಿಲ್ಲ.

ಐದನೆಯದು ಎಲ್ಲಕ್ಕಿಂತ ಹೆಚ್ಚು ನನ್ನ ಹೊಟ್ಟೆಗೆ ಬೆಂಕಿ ಹಾಕಿತು. ಧಾರವಾಡ ರೇಡಿಯೋದವರು ಇಂಥ ಹಾಡು ಹಾಕಿ ಎಂದು ಬರೆದವರ ಹೆಸರು ಓದುತ್ತಿದ್ದರು. ಅವಳ ಹೆಸರು ಅದರಲ್ಲಿ ಬರಬೇಕಂತೆ. ಕಾರ್ಡು ಬರೆದಳು. ವಾರವಾರವೂ ಅತ್ತೆ ಎಲ್ಲರನ್ನೂ ರೇಡಿಯೋ ಮುಂದೆ ಕೂರಿಸಿದರು. ಫೆಬ್ರುವರಿಯ ಒಂದು ಮಧ್ಯಾಹ್ನ ಬಂದೇ ಬಂತು: ಕುಲಗೋಡದಿಂದ ದೀಪಾಲಿ. ಗಂಡನ ಹೆಸರಿಲ್ಲ, ಮಾವನ ಹೆಸರಿಲ್ಲ, ಅಡ್ಡಹೆಸರೂ ಇಲ್ಲ. ಅತ್ತೆ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು, ಕೂಸಿಗೆ ಕೇಳಿಸಿತೇನೋ ಎಂದರು. ಅವತ್ತು ಸಂಜೆ ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ ನಾನು ರೇಡಿಯೋದವಳ ದನಿಯಲ್ಲಿ, ದಡ್ಡಿಯಿಂದ ರಾಜಮತಿ, ಎಂದು ಹೇಳಿ ನೋಡಿದೆ. ಎಮ್ಮೆ ತಿರುಗಿ ನೋಡಿತು. ನನಗೆ ನಾಚಿಕೆಯಾಗಿ ಅದರ ಬೆನ್ನಿಗೆ ಒಂದು ಏಟು ಕೊಟ್ಟೆ.

ಆರನೆಯದು ಟ್ರ್ಯಾಕ್ಟರ್. ಕಬ್ಬು ಕಡಿದು ಖಾಲಿಯಾದ ಹೊಲದಲ್ಲಿ ಮಾವನವರೇ ಹಿಂದೆ ನಿಂತು ಸ್ಟೇರಿಂಗ್ ಹಿಡಿಸಿದರು. ನಲವತ್ತು ಹೆಜ್ಜೆ ಹೋಯಿತು, ಅಷ್ಟೇ. ಮಾವನವರು ನನ್ನ ಜೊತೆ ಒಂಬತ್ತು ವರ್ಷದಲ್ಲಿ ಒಂಬತ್ತು ಮಾತು ಆಡಿದವರಲ್ಲ. ಅವಳಿಗೆ ಕ್ಲಚ್ಚು, ಬ್ರೇಕು ಎಲ್ಲ ಹೇಳಿಕೊಟ್ಟು ಮೀಸೆಯೊಳಗೇ ನಗುತ್ತಿದ್ದರು.

ಮಾರ್ಚಿನ ನಡುವೆ ಏಳನೆಯ ಬಯಕೆ ಬಂತು. ಹತ್ತನೆಯ ಇಯತ್ತೆಯ ಗಣಿತ ಪರೀಕ್ಷೆ ಬರೆಯಬೇಕು. ಏಪ್ರಿಲ್ ಏಳನೆಯ ತಾರೀಖು ಹುಕ್ಕೇರಿಯಲ್ಲಿ ಇದೆ. ಫಾರ್ಮನ್ನು ಜಿನೇಂದ್ರನ ಕೈಯಲ್ಲಿ ಮೊದಲೇ ಕಳಿಸಿ ತುಂಬಿಸಿದ್ದಳು. ಆಗ ಅವಳಿಗೆ ಆರನೆಯ ತಿಂಗಳು. ಅತ್ತೆ ಈ ಸಲ ಹೆಚ್ಚು ಯೋಚಿಸಲೂ ಇಲ್ಲ. ಓದು ಕೇಳುವ ಕೂಸು ಶಾಣ್ಯಾ ಆಗುತ್ತದೆ, ಜಿನೇಂದ್ರ ಕರೆದುಕೊಂಡು ಹೋಗಲಿ ಎಂದರು. ಅವತ್ತಿನಿಂದ ಮಧ್ಯಾಹ್ನ ಅವಳು ಗೋಡೆಗೆ ಒರಗಿ ಲೆಕ್ಕ ಬಿಡಿಸುವುದು, ನಾನು ಒಳಗೆ ಪಾತ್ರೆ ತಿಕ್ಕುವುದು. ಏಳನೆಯ ಇಯತ್ತೆಯಲ್ಲಿ ಗಣಿತದಲ್ಲಿ ನನಗೆ ಎಷ್ಟು ಮಾರ್ಕು ಬಂದಿದ್ದವು ಎಂದು ಆ ಮನೆಯಲ್ಲಿ ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ. ತೊಂಬತ್ತೊಂದು.

ಟ್ರಂಕಿನ ಬಟ್ಟೆಗಳನ್ನು ಬಿಸಿಲಿಗೆ ಹಾಕುವ ಕೆಲಸ ನನ್ನದು. ಹಾಗೆ ಅವಳ ಟ್ರಂಕು ತೆಗೆದ ದಿನ ಕೆಳಗೆ ಅವಳ ಹಳೆಯ ಗಣಿತದ ನೋಟಬುಕ್ಕು ಸಿಕ್ಕಿತು. ಸುಮ್ಮನೆ ತಿರುವಿದೆ ಎಂದು ಸುಳ್ಳು ಹೇಳುವುದಿಲ್ಲ, ಏನಾದರೂ ಸಿಗಲಿ ಎಂದೇ ತಿರುವಿದೆ. ಸಿಕ್ಕಿತು. ಕೊನೆಯ ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ, 'ನಾನು ಸಾಯುವುದರೊಳಗೆ ಮಾಡಬೇಕಾದವು' ಎಂದು ಬರೆದು ಗೆರೆ ಎಳೆದಿದ್ದಳು. ಕೆಳಗೆ ಏಳು ಸಾಲು. ಎಂಟರವರೆಗೆ ನಿದ್ದೆ, ತೂಗುಸೇತುವೆ, ದೋಸೆ, ಫೋಟೋ, ರೇಡಿಯೋ, ಟ್ರ್ಯಾಕ್ಟರ್. ಆರರ ಮುಂದೆ ಕೆಂಪು ಪೆನ್ನಿನಲ್ಲಿ ಸರಿ ಗುರುತು. ಏಳನೆಯದು ಗಣಿತ ಪಾಸಾಗುವುದು, ಅದರ ಮುಂದೆ ಖಾಲಿ. ಮೇಲೆ ಮೂಲೆಯಲ್ಲಿ ತಾರೀಖು ಇತ್ತು: ಹದಿನಾಲ್ಕು, ಜೂನ್, ತೊಂಬತ್ತನಾಲ್ಕು. ಊರು ಕಣಗಲಾ.

ಅಂದರೆ ಮದುವೆಗೆ ಮೂರು ವರ್ಷ ಮೊದಲು. ಅಂದರೆ ಇವು ಕೂಸಿನ ಬಯಕೆಗಳಲ್ಲ. ಆಗ ನನಗೆ ಆದ ಸಂತೋಷವನ್ನು ಹೇಗೆ ಹೇಳಲಿ. ನನ್ನ ಮದುವೆಯ ದಿನವೂ ಅಷ್ಟು ಆಗಿರಲಿಲ್ಲ.

ಅತ್ತೆಗೆ ಓದು ಬರುವುದಿಲ್ಲ. ಪಡಸಾಲೆಯಲ್ಲಿ ಅವರ ಮುಂದೆ ಕುಳಿತು ನಾನೇ ಓದಿ ಹೇಳಿದೆ. ತಾರೀಖಿನಿಂದ ಶುರುಮಾಡಿ, ಒಂದೊಂದೇ ಸಾಲು, ನಿಲ್ಲಿಸಿ ನಿಲ್ಲಿಸಿ. ಓದುವಾಗ ದೀಪಾಲಿ ಹೊರಗಿನಿಂದ ಬಂದು ಬಾಗಿಲಲ್ಲಿ ನಿಂತಳು. ನಾನು ನಿಲ್ಲಿಸಲಿಲ್ಲ. ಮುಗಿದ ಮೇಲೆ ಅತ್ತೆ ಅವಳನ್ನು ನೋಡಿ, ಇದು ಖರೆಯೇನು ಎಂದು ಕೇಳಿದರು.

"ಬರದಿಟ್ಟಿದ್ದು ಖರೆರಿ," ಎಂದಳು ದೀಪಾಲಿ. "ಬಯಕಿ ಅಂತ ಹೇಳದಿದ್ರ ಯಾರ ಕೊಡತಿದ್ರರಿ, ಅತ್ತಿಯಾರ?"

ಅತ್ತೆ ಸಿಟ್ಟಿಗೆ ಬಂದು ಕೂಗಲಿಲ್ಲ. ಅವರ ದನಿ ಸಣ್ಣಗಾಗಿತ್ತು. "ಹೊಟ್ಯಾಗಿನ ಕೂಸು ಬೇಡೂದು ಬ್ಯಾರೆ, ಹೊತ್ತಾಕಿ ಬೇಡೂದು ಬ್ಯಾರೆ. ಕೂಸಿನ ಹೆಸರ ಹೇಳಿ ನನ್ನ ಹೆದರಿಕಿ ಜೋಡಿ ಆಟ ಆಡಿದಿ," ಎಂದರು. ಪರೀಕ್ಷೆ ಇಲ್ಲ. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ತವರಿಗೆ ಕಳಿಸುವ ತನಕ ಹೊಸ್ತಿಲು ದಾಟುವ ಹಾಗಿಲ್ಲ. ಜಿನೇಂದ್ರ ಬಂದು ಏನೋ ಹೇಳಹೋದ, ಅವನಿಗೂ ಬಾಯಿ ಮುಚ್ಚು ಎಂದರು. ಮಾವನವರು ಹೊಲಕ್ಕೆ ಎದ್ದು ಹೋದರು.

ದೀಪಾಲಿ ಅಳಲಿಲ್ಲ. ನೋಟಬುಕ್ಕು ಇಸಿದುಕೊಳ್ಳಲು ನನ್ನ ಹತ್ತಿರ ಬಂದವಳು ನನ್ನ ಮುಖವನ್ನೇ ನೋಡಿ, "ಅಕ್ಕಾರ, ನಿಮ್ಮ ಓದೂ ದನಿ ಭಾಳ ಚಂದ ಐತ್ರಿ," ಎಂದಳು. ಚುಚ್ಚಿ ಹೇಳಿದಳೋ ಮನಸ್ಸಿನಿಂದ ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ನನಗೆ ಬಂದಿಲ್ಲ.

ಮೂರು ದಿನ ನನಗೆ ಹಬ್ಬ. ರೊಟ್ಟಿ ದುಂಡಗೆ ಬಂದವು, ಎಮ್ಮೆ ಹಾಲು ಹೆಚ್ಚು ಕೊಟ್ಟಿತು. ಅವಳು ಮತ್ತೆ ನಾಲ್ಕೂವರೆಗೆ ಏಳತೊಡಗಿದಳು. ಗೋಡೆಗೆ ಒರಗಿ ಲೆಕ್ಕ ಬಿಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಬರೆಯಲು ಬಿಡದ ಪರೀಕ್ಷೆಗೆ ಯಾಕೆ ಓದುತ್ತಾಳೆ ಎಂದು ನನಗೆ ಅರ್ಥವಾಗಲಿಲ್ಲ. ಅದನ್ನು ನೋಡುತ್ತ ನೋಡುತ್ತ ನನ್ನ ಹಬ್ಬ ಸಪ್ಪೆಯಾಗತೊಡಗಿತು.

ನಾಲ್ಕನೆಯ ದಿನ ಅತ್ತೆ ಮತ್ತು ನಾನು ಶೇಂಗಾ ಒಡೆಯುತ್ತ ಕುಳಿತಿದ್ದೆವು. ಅತ್ತೆ ನನ್ನ ಬೆನ್ನ ಮೇಲೆ ಕೈ ಆಡಿಸಿದರು. ಆ ಮನೆಗೆ ಬಂದು ಒಂಬತ್ತು ವರ್ಷದಲ್ಲಿ ಮೊದಲನೆಯ ಸಲ.

"ನೀ ಬಂಗಾರದಂಥಾಕಿ, ರಾಜಮತಿ. ಎರಡ ಹಡದಿ, ಒಂದರ ಏನರ ಬೇಡಿದೇನು? ಏನೂ ಇಲ್ಲ."

ಹೊಗಳಿಕೆಗೆ ಕಾದು ಕಾದು ಕುಳಿತಿದ್ದವಳು ನಾನು. ಅದು ಬಂದಾಗ ಕೆನ್ನೆಗೆ ಬಾರಿಸಿದ ಹಾಗಾಯಿತು. ಏನೂ ಇಲ್ಲ ಎಂಬ ಮಾತು ಕಿವಿಯೊಳಗೆ ಕುಳಿತುಬಿಟ್ಟಿತು. ತೊಂಬತ್ತೊಂದು ಮಾರ್ಕು ತೆಗೆದವಳ ಒಂಬತ್ತು ವರ್ಷದ ಬಾಳಿಗೆ ಈ ಹೆಂಗಸು ಕೊಟ್ಟ ಲೆಕ್ಕ ಇದು, ಏನೂ ಇಲ್ಲ. ಸಿಟ್ಟು ಅತ್ತೆಯ ಮೇಲೆ ಬಂತೋ, ಅವ್ವನ ಮೇಲೆ ಬಂತೋ, ನನ್ನ ಮೇಲೆಯೇ ಬಂತೋ. ನನ್ನ ಹೊಟ್ಟೆಯಲ್ಲಿ ಮೂರನೆಯದು ಇತ್ತು, ಎರಡು ತಿಂಗಳು. ನಮ್ಮವರಿಗೂ ಹೇಳಿರಲಿಲ್ಲ. ಅದನ್ನು ಹೇಳುವ ಹೊತ್ತು ಅದಲ್ಲ, ಆದರೂ ಹೇಳಿಬಿಟ್ಟೆ.

"ನನಗ ಎರಡ ತಿಂಗಳಾಗೇತ್ರಿ, ಅತ್ತಿಯಾರ. ನನಗೂ ಬಯಕಿ ಆಗೇತಿ."

ಅವರ ಕೈಯಿಂದ ಮೊರ ಜಾರಿತು. ಶೇಂಗಾ ಎಲ್ಲ ಚೆಲ್ಲಾಪಿಲ್ಲಿಯಾಯಿತು. ಅದನ್ನು ಬಳಿಯಲೂ ಹೋಗದೆ, ಏನು ಬೇಕು ಹೇಳು, ಇವತ್ತೇ ತರಿಸುತ್ತೇನೆ ಎಂದರು. ಅವರ ಕಣ್ಣಲ್ಲಿ ಅದೇ ಹೆದರಿಕೆ ಕಂಡಿತು. ದೀಪಾಲಿ ನಾಲ್ಕು ತಿಂಗಳಿಂದ ಕಾಣುತ್ತಿದ್ದ ಹೆದರಿಕೆ, ಈಗ ನನಗಾಗಿ.

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ.

ಸತ್ಯವಾಗಿ ಹೇಳುತ್ತೇನೆ, ಬಹಳ ಹುಡುಕಿದೆ. ಇಡೀ ಮನೆ ನನ್ನ ಬಾಯಿ ನೋಡುತ್ತ ನಿಂತ ಹಾಗಿತ್ತು. ಒಳಗೆ ತಡಕಾಡಿದರೆ ಸಿಗುತ್ತಿದ್ದದ್ದು ತೂಗುಸೇತುವೆ, ಫೋಟೋ, ರೇಡಿಯೋ. ಎಲ್ಲ ಅವಳವು. ನಾಲ್ಕು ತಿಂಗಳು ಅವಳ ಪಟ್ಟಿಯನ್ನು ಹಲ್ಲು ಕಡಿಯುತ್ತ ನೋಡಿ ನೋಡಿ ನನ್ನ ತಲೆಯಲ್ಲಿ ಅದೊಂದೇ ತುಂಬಿಕೊಂಡಿತ್ತು. ಅದರಲ್ಲಿ ಗುರುತು ಬೀಳದೆ ಉಳಿದದ್ದು ಒಂದೇ ಸಾಲು. ಅದೇ ಬಾಯಿಗೆ ಬಂತು.

"ಏಳನೇ ತಾರೀಖಿಗೆ ಹುಕ್ಕೇರಿಗೆ ಹೋಗಬೇಕನಸೈತ್ರಿ. ದೀಪಾಲಿ ಜೋಡಿ."

ಅತ್ತೆ ನನ್ನ ಮುಖ ನೋಡಿದರು. ಅವರು ದಡ್ಡರಲ್ಲ.

"ಇದನ್ನ ಎಲ್ಲ್ಯರ ಬರದಿಟ್ಟಿಯೇನು?"

"ಇಲ್ರಿ."

"ಹಂಗಾದ್ರ ಕೂಸಿಂದ," ಎಂದು ಶೇಂಗಾ ಬಳಿಯಲು ಬಗ್ಗಿದರು.

ಒಳ್ಳೆಯತನದಿಂದ ಮಾಡಿದೆ ಎಂದು ಯಾರೂ ತಿಳಿಯಬಾರದು. ದೀಪಾಲಿ ಮಾತ್ರ ಹಾಗೇ ತಿಳಿದಳು. ಅವತ್ತು ಸಂಜೆ ಒಲೆಯ ಮುಂದೆ ನನ್ನ ಕೈ ಹಿಡಿದುಕೊಂಡು, ನಿಮ್ಮ ಬಯಕೆಯನ್ನು ನನಗೆ ಕೊಟ್ಟಿರಿ ಎಂದಳು. ಕೈ ಕಿತ್ತುಕೊಂಡು ಹಿಟ್ಟಿಗೆ ನೀರು ಹಾಕಿದೆ. ಕೊಟ್ಟದ್ದಲ್ಲ, ನನ್ನ ಹತ್ತಿರ ಬೇರೆ ಇರಲಿಲ್ಲ ಎಂದು ಅವಳಿಗೆ ಹೇಗೆ ಹೇಳುವುದು. ಹೇಳಿದರೆ ಅವಳಿಗೆ ನನ್ನ ಮೇಲೆ ಕನಿಕರ ಬರುತ್ತದೆ. ಅದಕ್ಕಿಂತ ಅವಳ ಕೃತಜ್ಞತೆಯೇ ಮೇಲು.

ಆರನೆಯ ತಾರೀಖು ಜಿನೇಂದ್ರ ನಮ್ಮಿಬ್ಬರನ್ನು ಕರೆದುಕೊಂಡು ಹೊರಟ. ಕುಲಗೋಡದಿಂದ ಗೋಕಾಕ, ಅಲ್ಲಿಂದ ಇನ್ನೆರಡು ಬಸ್ಸು ಬದಲಿಸಿ ದಡ್ಡಿ, ನನ್ನ ತವರು. ಅಲ್ಲಿ ಉಳಿದೆವು. ಅವ್ವ ಇಬ್ಬರು ಬಸುರಿಯರನ್ನು ಒಟ್ಟಿಗೆ ನೋಡಿ ದೃಷ್ಟಿ ತೆಗೆದಳು. ನಿನಗೇನು ಮಾಡಲಿ ಎಂದು ಕೇಳಿದಳು. ನಾನು ಏನೂ ಬೇಡ ಎಂದೆ. ದೀಪಾಲಿ ಝುಣಕ ಮಾಡ್ರಿ ಎಂದಳು, ಅವ್ವ ಖುಷಿಯಿಂದ ಮಾಡಿದಳು.

ಮರುದಿನ ಹತ್ತಕ್ಕೆ ಮೊದಲೇ ಹುಕ್ಕೇರಿ ಮುಟ್ಟಿದೆವು. ಪರೀಕ್ಷೆಯ ಸಾಲಿಯ ಮುಂದೆ ಹದಿನೈದು ಹದಿನಾರರ ಹುಡುಗ ಹುಡುಗಿಯರ ಗುಂಪು. ಅವರ ನಡುವೆ ಆರು ತಿಂಗಳ ಹೊಟ್ಟೆ ಹೊತ್ತುಕೊಂಡು, ಕಂಪಾಸ್ ಪೆಟ್ಟಿಗೆ ಹಿಡಿದುಕೊಂಡು ಅವಳು. ಹುಡುಗಿಯರು ಒಬ್ಬರನ್ನೊಬ್ಬರು ತಿವಿದು ನಕ್ಕರು. ಅವಳೂ ಅವರ ಜೊತೆ ನಕ್ಕಳು. ಯಾರನ್ನೋ ಕರೆದು ಒಂದು ಸೂತ್ರ ಕೇಳಿ ಖಾತ್ರಿ ಮಾಡಿಕೊಂಡಳು. ಗಂಟೆ ಹೊಡೆಯಿತು, ಒಳಗೆ ಹೋದಳು.

ಜಿನೇಂದ್ರ ಚಹಾದ ಅಂಗಡಿಗೆ ಹೋದ. ನಾನು ಕಾಂಪೌಂಡಿನ ಹೊರಗೆ ಬೇವಿನ ಮರದ ಕೆಳಗೆ ಚೀಲದ ಮೇಲೆ ಕುಳಿತೆ. ಮೂರು ತಾಸು. ಆ ಬಿಸಿಲಿನಲ್ಲಿ ಬೆವರುತ್ತ, ಓಕರಿಕೆ ಬಂದಾಗ ನುಂಗಿಕೊಳ್ಳುತ್ತ, ಅವಳು ನಪಾಸಾಗಲಿ ಎಂದು ಬೇಡಿಕೊಂಡೆ. ಆಮೇಲೆ ಬಸುರಿ ಹೀಗೆ ಬೇಡಿಕೊಂಡರೆ ತನ್ನ ಕೂಸಿಗೇ ಏನಾದರೂ ಆದೀತೆಂದು ಹೆದರಿ, ಪಾಸಾಗಲಿ ಎಂದೂ ಬೇಡಿಕೊಂಡೆ. ಎರಡನೆಯದನ್ನು ಸ್ವಲ್ಪ ಸಣ್ಣ ದನಿಯಲ್ಲಿ. ಗೋಡೆಯ ಮೇಲಿನಿಂದ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು. ಒಮ್ಮೆಯೂ ಎತ್ತಲಿಲ್ಲ. ನಾನು ಆ ಬೆಂಚಿನ ಮೇಲೆ ಕುಳಿತಿದ್ದರೆ ಎಂದು ಯೋಚಿಸಲು ನೋಡಿದೆ. ನನ್ನ ಮುಂದಿನ ಹಾಳೆಯಲ್ಲಿ ಏನಿರುತ್ತಿತ್ತು ಎಂಬುದೂ ಹೊಳೆಯಲಿಲ್ಲ.

ಹೊರಗೆ ಬಂದವಳು ಸೊಂಟ ಹಿಡಿದುಕೊಂಡು, ಒಂದು ಪ್ರಮೇಯ ಬಿಟ್ಟುಹೋಯಿತು, ಉಳಿದದ್ದು ಪರವಾಗಿಲ್ಲ ಎಂದಳು. ಬಸ್ಸಿನಲ್ಲಿ ನನ್ನ ಭುಜದ ಮೇಲೆ ತಲೆ ಇಟ್ಟು ನಿದ್ದೆ ಹೋದಳು. ಗೋಕಾಕದವರೆಗೂ ಆ ಭಾರ ಹೊತ್ತುಕೊಂಡು ಬಂದೆ.

ಮೂವತ್ತೆಂಟು ಮಾರ್ಕು ಬಿದ್ದವು. ಮೂವತ್ತೈದಕ್ಕೆ ಪಾಸು. ಸುದ್ದಿ ಬಂದಾಗ ಅವಳು ಕುಬಸ ಮುಗಿಸಿ ಕಣಗಲಾಕ್ಕೆ ಹೋಗಿದ್ದಳು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಹಂಚುವ ತಾಟು ನನ್ನ ಕೈಯಲ್ಲೇ ಇತ್ತು. ಜುಲೈಯಲ್ಲಿ ಅವಳಿಗೆ ಮಗಳಾದಳು. ತೊಟ್ಟಿಲಿಗೆ ಹಾಕುವ ದಿನ ಅತ್ತೆ ಕೂಸಿನ ಎರಡೂ ಕಿವಿಯ ಬಾಜೂ ಚಿಟಿಕೆ ಹೊಡೆದು ನೋಡಿದರು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಮುಗಿದಿರಲಿಲ್ಲ. ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಮೊಸರು ಕಡೆಯುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ಹುಕ್ಕೇರಿದು ದೀಪಾಲಿದು. ಅವತ್ತ ನನಗ ತಿಳದಿತ್ತು, ಸುಮ್ಮನಿದ್ದೆ. ನಿಂದ ಇನ್ನೂ ಉಳದೈತಿ. ಏನ ಇದ್ದರೂ ಹೇಳು. ಇಲ್ಲ ಅನ್ನೂದಿಲ್ಲ."

ಹೇಳುತ್ತೇನೆ ಎಂದೆ. ಮರುದಿನ ಮತ್ತೆ ಕೇಳಿದರು. ಅದರ ಮರುದಿನವೂ. ಎಷ್ಟು ದೂರದ್ದಾದರೂ ಸರಿ ಎಂದರು. ಅವರ ಜೀವ ಹಿಡಿಯಷ್ಟಾಗಿತ್ತು ಪಾಪ, ಇನ್ನೊಂದು ಕಿವಿ ಹೋದೀತೆಂದು. ನಾನೂ ಹಠ ಹಿಡಿದು ಹುಡುಕಿದೆ. ರೊಟ್ಟಿ ಬಡಿಯುತ್ತ, ಎಮ್ಮೆ ಮೈ ತೊಳೆಯುತ್ತ, ನನಗೆ ಬೇಕಾದದ್ದು ಏನು, ನನಗೆ ಬೇಕಾದದ್ದು ಏನು ಎಂದು. ಮಕ್ಕಳಿಗೆ ಬೇಕಾದದ್ದು ಹೊಳೆಯಿತು. ನಮ್ಮವರಿಗೆ ಬೇಕಾದದ್ದು ಹೊಳೆಯಿತು. ಮತ್ತೆ ಓದಲೇ ಎಂದುಕೊಂಡೆ. ಅದು ಅವಳದಾಗಿಬಿಟ್ಟಿತ್ತು, ಬಾಯಿಗೆ ತಂದರೆ ಎಂಜಲು ತಿಂದ ಹಾಗೆ. ಅಷ್ಟರಲ್ಲಿ ದೀಪಾಲಿ ಕೂಸಿನೊಂದಿಗೆ ತವರಿನಿಂದ ಬಂದಳು. ಕೂಸಿಗೆ ಹಾಲು ಕುಡಿಸುತ್ತ ಕುಳಿತು ಮುಂದೆ ಏನೇನು ಮಾಡಬೇಕು ಎಂದು ಗಂಡನ ಹತ್ತಿರ ಮಾತಾಡುವುದು ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಒಂದು ಮುಗಿದರೆ ಇನ್ನೊಂದು, ಅವಳಲ್ಲಿ ಬರಿದಾಗುತ್ತಲೇ ಇರಲಿಲ್ಲ.

ಒಂಬತ್ತು ತಿಂಗಳು ತುಂಬಿದವು. ಅತ್ತೆ ಕೊನೆಯ ಸಲ ಕೇಳಿದರು. ಈ ಸಲ ಕಣ್ಣಲ್ಲಿ ನೀರಿತ್ತು. ನಾನು ಬಾಗಿಲ ಹೊರಗೆ ನೋಡಿದೆ. ಓಣಿಯಲ್ಲಿ ಒಬ್ಬಳು ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಸೀತಾಫಲ ಮಾರುತ್ತ ಹೊರಟಿದ್ದಳು.

"ಸೀತಾಫಲ ತಿನ್ನಬೇಕನಸೈತ್ರಿ," ಎಂದೆ.

ಅತ್ತೆಯ ಮುಖ ಅರಳಿತು. ತಾವೇ ಓಡಿಹೋಗಿ ಇಡೀ ಬುಟ್ಟಿ ಇಳಿಸಿಕೊಂಡರು. ಎಲ್ಲರೆದುರು ನನ್ನನ್ನು ಮಣೆಯ ಮೇಲೆ ಕೂರಿಸಿ, ಹಣ್ಣು ಒಡೆದು ಒಡೆದು ಕೈಗೆ ಕೊಟ್ಟರು. ದೀಪಾಲಿಯೂ ಬಂದು ಎದುರಿಗೆ ಕುಳಿತಳು. ಅವಳ ಮುಖ ನೋಡಿದ ಕೂಡಲೇ, ನಾನು ಯಾಕೆ ಸೀತಾಫಲ ಎಂದೆನೋ ಅದು ಅವಳಿಗೆ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ಬೀಜ ಉಗುಳಲು ನನ್ನ ಬಾಯಿಯ ಮುಂದೆ ಅಂಗೈ ಹಿಡಿದಳು.

ಅಲ್ಲಿಯ ತನಕ ನನ್ನದನ್ನೆಲ್ಲ ಅವಳು ಕಿತ್ತುಕೊಂಡಳು ಎಂಬ ಒಂದು ಆಸರೆಯಾದರೂ ನನಗಿತ್ತು. ಕಿತ್ತುಕೊಳ್ಳಲು ನನ್ನದು ಅನ್ನುವುದು ಏನಿತ್ತು. ನಾಲ್ಕು ಹಣ್ಣು ತಿಂದೆ.